ನೀರಿನ ಡಬ್ಬದೊಳಗಿನ ಹೃದಯ: ಬಲಗಡೆಯ ಜೇಬು

"ಉಸಿರು ಬಿಗಿ ಹಿಡೀಬೇಡಿ, ಸುಮ್ನೆ ನಿಂತ್ಕೊಳ್ಳಿ," ಎಂದು ಡಾಕ್ಟರಮ್ಮ ಗೇಟು ಕಾಯುವವನ ಎದೆಯ ಬಲಭಾಗಕ್ಕೆ ಸ್ಟೆತಾಸ್ಕೋಪ್ ಒತ್ತಿದರು.

ಅವನು ತನ್ನ ಎದೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದ. "ಮೇಡಂ, ಹೃದಯ ಆ ಕಡೆ ಇರೋದು."

"ಗೊತ್ತು. ಇಪ್ಪತ್ತಾರು ವರ್ಷದಿಂದ ಅದನ್ನೇ ನೋಡ್ತಿದೀನಿ."

"ಮತ್ತೆ ಈ ಕಡೆ ಯಾಕೆ?"

"ಇದು ಹೊಸದು. ಎರಡೂ ಕಡೆ ಸರಿಯಾಗಿ ಕೇಳ್ಸುತ್ತಾ ಅಂತ ನೋಡ್ತಿದೀನಿ."

ಬಲಗಡೆ ಕೇಳಿಸಿದ್ದು ಬರೀ ಗಾಳಿ. ಎಡಗಡೆಗೆ ಬಂದು, ಅವನ ಜೇಬಿನಿಂದ ಸೀಟಿ, ಪೆನ್ನು, ಮಡಿಸಿದ ಮೂರು ಚೀಟಿ ತೆಗೆಸಿ ಕೇಳಿದರೆ, ಹೃದಯ ತನ್ನ ಜಾಗದಲ್ಲಿ ಗಟ್ಟಿಮುಟ್ಟಾಗಿ ಬಡಿದುಕೊಳ್ಳುತ್ತಿತ್ತು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಪುಟ್ಟ ಪುಸ್ತಕದಲ್ಲಿ ಇಪ್ಪತ್ತಮೂರನೇ ಸಾಲಿಗೆ ಗೀಟು ಹಾಕಿದರು.

"ನಾನು ಪಾಸಾ ಮೇಡಂ?" ಎಂದು ಅವನು ಆತಂಕದಿಂದ ಕೇಳಿದ.

"ಫೇಲು," ಎಂದು ಹೇಳಿ ಅವರು ಮೆಟ್ಟಿಲು ಹತ್ತಿದರು.

ಮೂರು ದಿನದ ಹಿಂದೆ, ಸ್ಕ್ಯಾನ್ ಯಂತ್ರದ ಬೆಳಗಿನ ತಪಾಸಣೆಗೆ ಇಡುವ ನೀರಿನ ಡಬ್ಬದ ಕಡತದಲ್ಲಿ ಡಬ್ಬದ ಬದಲು ಯಾರದೋ ಎದೆ ಸಿಕ್ಕಿತ್ತು. ಆ ಎದೆಯೊಳಗೆ ಹೃದಯ ಬಲಗಡೆಗಿತ್ತು, ಅದರಿಂದ ಹೊರಡುವ ಮಹಾಧಮನಿ ಇವತ್ತೋ ನಾಳೆಯೋ ಒಡೆಯುವ ಹಾಗೆ ಉಬ್ಬಿತ್ತು. ಎದೆಯ ಒಡೆಯ ಯಾರೆಂದು ಯಾರಿಗೂ ತಿಳಿಯದು.

ಆ ಡಬ್ಬದ ವಿಷಯ ಇಷ್ಟೇ. ದಿನಾ ಬೆಳಗ್ಗೆ ಏಳು ಗಂಟೆಗೆ, ಮೊದಲ ಪೇಷಂಟ್ ಬರುವ ಮುಂಚೆ, ದುಂಡನೆಯ ಒಂದು ನೀರಿನ ಡಬ್ಬವನ್ನು ಮೇಜಿನ ಮೇಲಿಟ್ಟು ಸ್ಕ್ಯಾನ್ ಮಾಡುತ್ತಾರೆ. ನೀರು ನೀರಿನ ಹಾಗೇ ಕಂಡರೆ ಯಂತ್ರ ಸರಿಯಾಗಿದೆ ಎಂದು ಅರ್ಥ. ಡಬ್ಬದ ಕಡತವನ್ನು ಯಾರೂ ತೆರೆದು ನೋಡುವುದಿಲ್ಲ. ಡಾಕ್ಟರಮ್ಮ ಮಾತ್ರ ತಿಂಗಳಿಗೊಮ್ಮೆ ನೋಡುತ್ತಾರೆ, ಯಾಕೆಂದರೆ ನಿಯಮದಲ್ಲಿ ಹಾಗೆ ಬರೆದಿದೆ, ಮತ್ತು ನಿಯಮದಲ್ಲಿ ಬರೆದದ್ದನ್ನು ಮಾಡುವವರು ಆ ಆಸ್ಪತ್ರೆಯಲ್ಲಿ ಅವರೊಬ್ಬರೇ.

ಎದೆಯ ಚಿತ್ರ ಓದುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆಸ್ಪತ್ರೆಯವರು ಹಿಂದಿನಿಂದ ಅವರನ್ನು ನೆರಳಮ್ಮ ಅನ್ನುತ್ತಾರೆ. ಮುಖಗಳು ಅವರಿಗೆ ನೆನಪಿರುವುದಿಲ್ಲ. ಸ್ವಂತ ತಂಗಿಯ ಗಂಡ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ನಕ್ಕರೆ, "ನಿಮ್ಮನ್ನ ಎಲ್ಲೋ ನೋಡಿದೀನಿ" ಅಂದ ಪುಣ್ಯಾತ್ಗಿತ್ತಿ ಇವರು. ಆದರೆ ಹನ್ನೊಂದು ವರ್ಷದ ಹಿಂದೆ ನೋಡಿದ ಪಕ್ಕೆಲುಬು ಮತ್ತೆ ಕಣ್ಣಿಗೆ ಬಿದ್ದರೆ, "ಓ, ಇವರಾ! ಏಣಿಯಿಂದ ಬಿದ್ದಿದ್ರಲ್ಲ, ಮೊಣಕಾಲು ಹೇಗಿದೆ?" ಎಂದು ಆ ಪಕ್ಕೆಲುಬನ್ನೇ ವಿಚಾರಿಸಿಕೊಳ್ಳುತ್ತಾರೆ.

ಅಂಥವರು ಇಪ್ಪತ್ತು ವರ್ಷ ಮುಟ್ಟದಿದ್ದ ಹಳೇ ಸ್ಟೆತಾಸ್ಕೋಪನ್ನು ಹೊಸದೆಂದು ಹೇಳಿ ಕುತ್ತಿಗೆಗೆ ಹಾಕಿಕೊಂಡು ಸಿಕ್ಕ ಸಿಕ್ಕವರ ಬಲಗಡೆಗೆ ಕಿವಿ ಕೊಟ್ಟರೆ ಜನ ಏನಂದುಕೊಳ್ಳಬೇಕು? ಕ್ಯಾಂಟೀನಿನಲ್ಲಿ ಒಂದು ಸುದ್ದಿ ಹಬ್ಬಿತ್ತು: ಮೇಲಿನವರು ಗುಟ್ಟಾಗಿ ಎಲ್ಲರ ಆರೋಗ್ಯ ಪರೀಕ್ಷೆ ಮಾಡಿಸುತ್ತಿದ್ದಾರೆ, ಫೇಲಾದವರು ಮನೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಡಾಕ್ಟರಮ್ಮ ಬರುವುದು ಕಂಡರೆ ಲೆಕ್ಕದ ಗುಮಾಸ್ತ ಕಡತದ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಅವನ ಎದೆಯನ್ನು ಬಾಗಿಲ ಸಂದಿಯಿಂದಲೇ ಕೇಳಬೇಕಾಯಿತು.

ಡಾಕ್ಟರಮ್ಮನಿಗೆ ನಗು ಬರುತ್ತಿರಲಿಲ್ಲ. ಎಲ್ಲರಿಗೂ ಮೂರೂವರೆ ಸೆಂಟಿಮೀಟರ್ ದಾಟದ ರಕ್ತನಾಳ ಆ ಚಿತ್ರದಲ್ಲಿ ಆರೂವರೆ ಇತ್ತು. ಹಳೇ ಸೈಕಲ್ ಟ್ಯೂಬು ಒಂದು ಕಡೆ ಉಬ್ಬಿದ ಹಾಗೆ. ಒಂದು ಭಾರದ ಚೀಲ ಎತ್ತಿದರೆ ಸಾಕು, ಒಂದು ದೊಡ್ಡ ಜಗಳ ಆಡಿದರೆ ಸಾಕು. ಹೆಗಲಮೂಳೆಗಳ ನಡುವೆ ಬೆನ್ನು ಹಿಡಿದುಕೊಂಡಿತು ಅನ್ನುವಷ್ಟರಲ್ಲಿ ಸೀಳು ಶುರುವಾಗಿರುತ್ತದೆ. ಮೊದಲೇ ಗೊತ್ತಾದರೆ ಆಪರೇಷನ್ ಮಾಡಿ ಉಳಿಸಬಹುದು. ಬೆಳಗ್ಗೆ ಏಳಕ್ಕೆ ಆ ಕೋಣೆಗೆ ಬರಬಲ್ಲವರು ಆಸ್ಪತ್ರೆಯವರು ಮಾತ್ರ. ಈ ಕಟ್ಟಡದಲ್ಲೇ ಎಲ್ಲೋ ಆ ಮನುಷ್ಯ ಟೀ ಕುಡಿಯುತ್ತಾ ಕೂತಿದ್ದಾನೆ ಎಂದು ನೆನೆದಾಗಲೆಲ್ಲ ಅವರು ಮತ್ತೆ ಸ್ಟೆತಾಸ್ಕೋಪ್ ಕೈಗೆತ್ತಿಕೊಳ್ಳುತ್ತಿದ್ದರು.

*

ಹನ್ನೊಂದು ಗಂಟೆಗೆ ಗುಡುಗಪ್ಪ ಬಂದರು.

ಹೃದಯದ ಸರ್ಜನ್ನರಿಗೆ ಆ ಹೆಸರು ಇಟ್ಟವರು ಯಾರೆಂದು ತಿಳಿಯದು, ಯಾಕೆಂದು ಎಲ್ಲರಿಗೂ ತಿಳಿದಿತ್ತು. ಲಿಫ್ಟಿನಲ್ಲಿ ಅವರು ಬೈಯಲು ಶುರು ಮಾಡಿದರೆ ಮೂರು ಮಹಡಿಯವರೂ ತಮ್ಮನ್ನೇ ಬೈಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

"ಎಲ್ಲಿ, ಇವತ್ತಿನ ನಮ್ಮ ಪೇಷಂಟ್ ಚಿತ್ರ ತೋರ್ಸಿ," ಅಂದರು. ಡಾಕ್ಟರಮ್ಮ ತೋರಿಸಿದರು. ಅದೂ ಉಬ್ಬಿದ ಮಹಾಧಮನಿಯೇ, ಹನ್ನೊಂದೂವರೆಗೆ ಆಪರೇಷನ್. ಗುಡುಗಪ್ಪ ಜೇಬಿನಿಂದ ಟಪ್ಪೆಂದು ಪೆನ್ನು ತೆಗೆದು ಅಂಗೈ ಮೇಲೆ ಎರಡು ಅಳತೆ ಬರೆದುಕೊಂಡರು.

"ಸಿಕ್ಕಿದ್ನಾ ನಿಮ್ಮ ಬಲ ಹೃದಯದವನು?"

"ಇಲ್ಲ ಸರ್. ಇಪ್ಪತ್ತಮೂರು ಜನ ಆಯ್ತು."

"ಮೊದಲನೇ ದಿನವೇ ನಾನೇ ಬಂದು ಎದೆ ಕೊಟ್ಟೆ. ನನ್ನದು ಎಡಗಡೆ, ಸರಿಯಾಗಿದೆ. ಬೇಗ ಹುಡುಕಿ ತನ್ನಿ. ಅಂಥದ್ದನ್ನ ಹೊಲಿದು ಕೊಡೋಕೆ ಈ ಊರಲ್ಲಿ ನಾನೊಬ್ಬನೇ ಇರೋದು."

ಹಾಗೆನ್ನುತ್ತಾ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕಿಕೊಂಡರು, ಎಮ್ಮೆ ಕಂಬಕ್ಕೆ ತಿಕ್ಕಿಕೊಳ್ಳುವ ಹಾಗೆ. ಅಷ್ಟರಲ್ಲಿ ಫೋನ್ ಬಂತು. ರಕ್ತದ ಚೀಲ ಇನ್ನೂ ಬಂದಿಲ್ಲವಂತೆ. ಕಿಟಕಿ ಗಾಜು ನಡುಗುವ ಹಾಗೆ ಗುಡುಗಿದರು.

"ಇಷ್ಟು ಸಿಟ್ಟು ಒಳ್ಳೇದಲ್ಲ ಸರ್," ಅಂದರು ಡಾಕ್ಟರಮ್ಮ.

"ಸಿಟ್ಟು ಬಂದ್ರೇನೆ ನನಗೆ ಕೈ ನೆಟ್ಟಗಿರೋದು," ಎಂದು ಅವರು ಹೊರಟುಹೋದರು.

*

ಹನ್ನೆರಡೂವರೆಗೆ ಡಾಕ್ಟರಮ್ಮನ ಅಪ್ಪ ಊಟದ ಕ್ಯಾರಿಯರ್ ಹಿಡಿದು ಬಂದರು. ಮನೆ ಎರಡೇ ಬೀದಿ ಆಚೆ. ಎಂಬತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ಇವತ್ತಿಗೂ ಅಳತೆ ಟೇಪು. ಜೀವನವಿಡೀ ಹೊಲಿಗೆ ಯಂತ್ರ ತುಳಿದು ಮಗಳನ್ನು ಡಾಕ್ಟರ್ ಮಾಡಿದ ಟೈಲರ್ ಅವರು. ಮಗಳು ಯಾರಿಗೂ ಸೂಜಿ ಚುಚ್ಚದ ಡಾಕ್ಟರ್ ಆದಳಲ್ಲ ಎಂಬ ಬೇಸರ ಮಾತ್ರ ಇನ್ನೂ ಹೋಗಿರಲಿಲ್ಲ.

"ಪುಟ್ಟೀ, ಊಟ ಆರುತ್ತೆ," ಅಂದರು. ಪುಟ್ಟಿಗೆ ಐವತ್ತೆರಡು ವರ್ಷ.

"ಒಂದು ನಿಮಿಷ ಅಪ್ಪ."

ಪುಟ್ಟಿ ಪರದೆಯ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು. ಡಬ್ಬದ ಪ್ರೋಗ್ರಾಂ ಕೊಡುವುದು ಏಳೇ ಏಳು ಚಿತ್ರ. ಸೌತೆಕಾಯಿಯನ್ನು ಬಿಲ್ಲೆ ಮಾಡಿದ ಹಾಗೆ ಎದೆಯ ಏಳು ಅಡ್ಡ ಬಿಲ್ಲೆ. ತಲೆ ಇಲ್ಲ, ಕಾಲಿಲ್ಲ. ಏಳನ್ನೂ ಅವರು ನೂರು ಸಲ ನೋಡಿದ್ದರು. ಹಳೆಯ ಗಾಯವಿಲ್ಲ, ಮುರಿದ ಎಲುಬಿಲ್ಲ, ಶ್ವಾಸಕೋಶ ತೊಳೆದಿಟ್ಟ ಹಾಗಿದೆ. ಗುರುತು ಹಿಡಿಯೋಣ ಅಂದರೆ ಇಷ್ಟು ಒಳ್ಳೆಯ ಎದೆ ಯಾವತ್ತೂ ತಮ್ಮ ಕೈಗೆ ಬಂದೇ ಇರಲಿಲ್ಲ.

ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದೇನೇ ಸುತ್ತ ಸಣ್ಣ ಗೆರೆ?"

"ಅದು ಬಟ್ಟೆ ಅಪ್ಪ. ಅವರು ಶರ್ಟ್ ಬಿಚ್ಚದೇ ಮಲಗಿದಾರೆ."

"ಬಟ್ಟೆನಾ!" ಅಪ್ಪನ ಬೆನ್ನು ನೆಟ್ಟಗಾಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಮಗಳ ಕೆಲಸದಲ್ಲಿ ಅವರಿಗೆ ಗೊತ್ತಿರುವ ಒಂದು ವಸ್ತು ಕಂಡಿತ್ತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಇಲ್ಲಿ ಗೆರೆ ದಪ್ಪ ಆಗಿದೆಯಲ್ಲ, ಇದು ಜೇಬು. ಒಳಗೆ ಏನೂ ಇಟ್ಟಿಲ್ಲ. ಹೊಲಿದವನು ಪರವಾಗಿಲ್ಲ, ಜೋಲು ಬಿದ್ದಿಲ್ಲ." ಬೆರಳು ಗಾಜಿನ ಮೇಲೆ ಹರಿಯಿತು. "ಇವರ ಎಡಗೈ ಯಾವ ಕಡೆ?"

"ಪರದೆಯ ಆ ತುದೀಲಿ ಎಡ ಅಂತ ಗುರುತಿದೆ ನೋಡಿ. ನಾವು ಅವರ ಕಾಲ ಹತ್ರ ನಿಂತು ನೋಡ್ತಿದೀವಿ ಅಂದ್ಕೊಳ್ಳಿ. ಅವರ ಎಡ ನಮ್ಮ ಬಲಕ್ಕೆ ಬರುತ್ತೆ."

ಅಪ್ಪ ತಮ್ಮ ಶರ್ಟಿನ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ಅಂದರು: "ಹಾಗಾದ್ರೆ ಈ ಜೇಬು ಬಲಗಡೆ ಇದೆ."

"ಹೂಂ. ಹೃದಯಾನೂ ಬಲಗಡೆನೇ ಇದೆ. ಇವರದ್ದು ಎಲ್ಲಾ ಬಲಗಡೆ."

"ಹೃದಯ ಬಲಗಡೆ ಇರಬಹುದಮ್ಮ, ದೇವರು ಮಾಡಿದ್ದು. ಜೇಬು ಮಾಡೋದು ಟೈಲರು."

ಡಾಕ್ಟರಮ್ಮ ತಿರುಗಿ ನೋಡಿದರು.

"ಯಾವ ಟೈಲರೂ ಒಂಟಿ ಜೇಬನ್ನ ಬಲಗಡೆ ಇಡಲ್ಲ. ಇದು ಇನ್ನೂ ನೋಡು, ನಡುವಿನ ಪಟ್ಟಿ. ಗಂಡಸರ ಶರ್ಟಲ್ಲಿ ಎಡ ಅಂಚು ಮೇಲೆ, ಬಲ ಅಂಚು ಕೆಳಗೆ. ಇಲ್ಲಿ ಬಲ ಅಂಚು ಮೇಲಿದೆ, ಹೆಂಗಸರ ರವಿಕೆ ಥರ." ಅಪ್ಪ ಕನ್ನಡಕ ತೆಗೆದರು. "ಒಂದೋ ಹೊಲಿದವನು ಕುಡಿದಿದ್ದ. ಇಲ್ಲಾ ನಿನ್ನ ಚಿತ್ರ ಮಗುಚಿದೆ."

ಡಾಕ್ಟರಮ್ಮ ಒಂದೊಂದೇ ಬಿಲ್ಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಮೊದಲ ಬಿಲ್ಲೆ ಕತ್ತಿನ ಕಡೆಯಿಂದ ಶುರುವಾಗಬೇಕು, ಇದು ಹೊಟ್ಟೆ ಕಡೆಯಿಂದ ಶುರುವಾಗಿತ್ತು. ಮೂರು ದಿನದಿಂದ ಅದು ಕಂಡಿತ್ತು, ಡಬ್ಬದ ಪ್ರೋಗ್ರಾಮಿನ ಹಾಳು ಅಭ್ಯಾಸ ಅಂದುಕೊಂಡು ಬಿಟ್ಟಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಈ ಮನುಷ್ಯನ ಹೃದಯ ಎಡಗಡೆಯೇ ಇದೆ. ಎಲ್ಲರ ಹಾಗೇ ಇದೆ. ಗೀಟು ಹಾಕಿದ ಇಪ್ಪತ್ತಮೂರು ಹೆಸರೂ ಈಗ ಎದ್ದು ಕೂತವು.

"ಅಪ್ಪಾ," ಅಂದರು, "ನೀವು ನನ್ನನ್ನ ಉಳಿಸಿದ್ರೋ ಮುಳುಗಿಸಿದ್ರೋ ಗೊತ್ತಾಗ್ತಿಲ್ಲ."

"ನೀನು ಯಾವಾಗಲೂ ಜನರ ಒಳಗೆ ನೋಡ್ತೀಯ, ಹೊರಗೆ ನೋಡೋದನ್ನೇ ಮರ್ತಿದೀಯ." ಅಪ್ಪನ ದನಿಯಲ್ಲಿ ಗೆಲುವು ತುಳುಕುತ್ತಿತ್ತು. "ಈ ಬೆಳ್ಳಗೆ ಹೊಳೀತಿದೆಯಲ್ಲ, ಜೇಬಿನ ಬಾಯಿ ಹತ್ರ, ಇದೇನು?"

"ಯಾವುದೋ ಲೋಹದ ಚೂರು. ಶರ್ಟಿಗೆ ಸಿಕ್ಕಿಕೊಂಡಿರಬೇಕು."

"ಚೂರಲ್ಲ. ಮೇಲೊಂದು ಕೆಳಗೊಂದು, ಜೋಡಿ. ಟಿಚ್ ಬಟನ್ನು. ಜೇಬಿಗೆ ಟಿಚ್ ಬಟನ್ ಹಾಕಿಸ್ಕೊಳ್ಳೋರು ಎಷ್ಟು ಜನ ಇರ್ತಾರೆ? ನನ್ನ ಜನ್ಮದಲ್ಲಿ ಮೂರೋ ನಾಲ್ಕೋ ಹೊಲಿದಿರಬಹುದು." ಅವರು ಎದ್ದರು. "ಅಳತೆ ಪುಸ್ತಕ ಮನೇಲಿದೆ. ನೋಡಿ ಫೋನ್ ಮಾಡ್ತೀನಿ. ನೀನು ಊಟ ಮಾಡು."

"ಪುಸ್ತಕದಲ್ಲಿ ಹೆಸರು ಇರುತ್ತಾ ಅಪ್ಪ?"

"ಹೆಸರು ಇಟ್ಕೊಂಡು ಏನ್ಮಾಡ್ಲಿ? ಹೆಸರಿಗೆ ಅಳತೆ ಇರುತ್ತಾ?" ಎಂದು ಅಪ್ಪ ಟೇಪು ಸರಿಮಾಡಿಕೊಂಡು ನಡೆದರು. ಅವರ ಪುಸ್ತಕದಲ್ಲಿ ಯಾರ ಹೆಸರೂ ಇರಲಿಲ್ಲ. ಹೊಟ್ಟೆ ಮೇಷ್ಟ್ರು, ಉದ್ದ ಕತ್ತಿನ ವಕೀಲರು, ಕೊಡೋವಾಗ ಕೆಮ್ಮೋರು: ಹಾಗೆ ಇರುತ್ತಿತ್ತು.

*

ಡಾಕ್ಟರಮ್ಮ ಊಟ ಮುಟ್ಟಲಿಲ್ಲ. ಉಸಿರಣ್ಣನನ್ನು ಕರೆಸಿದರು.

ಉಸಿರಣ್ಣ ಸ್ಕ್ಯಾನ್ ಕೋಣೆಯ ಹಿರಿಯ ಟೆಕ್ನಿಷಿಯನ್. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ನಲವತ್ತು ಸಲ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಹೇಳಿ ಹೇಳಿ, ಆ ಮಾತು ಅವನ ರಕ್ತಕ್ಕೇ ಇಳಿದಿತ್ತು. ಮಗಳ ಮದುವೆಯಲ್ಲಿ ಫೋಟೋ ತೆಗೆಯುವವನು "ರೆಡಿ" ಅನ್ನುವ ಮೊದಲೇ ಇವನು ಕೂಗಿಬಿಟ್ಟು, ಬೀಗರೆಲ್ಲ ಉಸಿರು ಹಿಡಿದ ಮುಖದಲ್ಲೇ ಫೋಟೋಗೆ ಬಂದಿದ್ದಾರೆ.

ಆ ದಿನ ಬೆಳಗ್ಗೆ ಡಬ್ಬ ಇಟ್ಟವನು ಇವನೇ ಎಂದು ದಾಖಲೆ ಹೇಳುತ್ತಿತ್ತು. "ಡಬ್ಬಾನೇ ಇಟ್ಟಿದ್ದು ಮೇಡಂ, ಹೃದಯ ಎಲ್ಲಿಂದ ಬಂತೋ ನಂಗೊತ್ತಿಲ್ಲ" ಎಂದು ಮೂರು ದಿನದಿಂದ ಇವನು ಒಂದೇ ಹಾಡು ಹಾಡುತ್ತಿದ್ದ.

"ಕೂತ್ಕೊಳ್ಳಿ," ಅಂದರು ಡಾಕ್ಟರಮ್ಮ.

"ನಿಂತೇ ಇರ್ತೀನಿ ಮೇಡಂ."

"ಒಂದು ಅನುಮಾನ ಇದೆ. ನಿಮ್ಮಷ್ಟು ಅನುಭವ ಇನ್ಯಾರಿಗೂ ಇಲ್ಲ, ಅದಕ್ಕೆ ಕೇಳ್ತೀನಿ. ಡಬ್ಬದ ಪ್ರೋಗ್ರಾಂ ಇದೆಯಲ್ಲ, ಅದರಲ್ಲಿ ತಲೆ ಮೊದಲು ಅಂತ ಇದೆಯಾ, ಕಾಲು ಮೊದಲು ಅಂತ ಇದೆಯಾ?"

ಉಸಿರಣ್ಣ ನಕ್ಕ. "ಡಬ್ಬಕ್ಕೆ ತಲೆ ಎಲ್ಲಿ ಮೇಡಂ? ಯಂತ್ರ ಬಂದ ದಿನ ಕಾಲು ಮೊದಲು ಅಂತ ಒತ್ತಿದ್ದೆ. ಹದಿನಾಲ್ಕು ವರ್ಷದಿಂದ ಹಾಗೇ ಇದೆ. ದುಂಡಗಿರೋ ನೀರು, ಯಾವ ಕಡೆಯಿಂದ ನೋಡಿದ್ರೂ ನೀರೇ."

"ಸರಿ. ಆವತ್ತು ಮಲಗಿದ್ದವರನ್ನ ನೀವು ತಪ್ಪು ಮಲಗ್ಸಿದೀರಿ ಅಂತ ಕಾಣುತ್ತೆ. ಕಾಲು ಮೊದಲು ಮಲಗ್ಸಿದೀರಿ."

"ಛೆ! ನಾನಾ? ಎದೆ ಚಿತ್ರಕ್ಕೆ ಕಾಲು ಮೊದಲಾ?" ಉಸಿರಣ್ಣನಿಗೆ ಕೆಂಡ ತುಳಿದ ಹಾಗಾಯಿತು. "ತಲೆ ಮೊದಲು, ಅಂಗಾತ, ಎರಡೂ ಕೈ ತಲೆ ಮೇಲೆ! ದಿಂಬು ಕೂಡ ನಾನೇ ಇಟ್ಟೆ! ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರನ್ನಾದ್ರೂ..."

ಅಷ್ಟಕ್ಕೇ ತಡೆದುಕೊಂಡು ಅವನು ಉಸಿರು ಹಿಡಿದ. ಬಾಯಿ ತೆರೆದೇ ಇತ್ತು.

"ಉಸಿರು ಬಿಡಿ," ಅಂದರು ಡಾಕ್ಟರಮ್ಮ.

ಉಸಿರಣ್ಣ ಉಸಿರು ಬಿಟ್ಟ, ಕುರ್ಚಿಯಲ್ಲಿ ಕುಸಿದ.

"ಡಬ್ಬಕ್ಕೆ ದಿಂಬು ಇಡಲ್ಲ, ಅಲ್ವಾ?"

"ಇಡಲ್ಲ."

"ಯಾರು ಮಲಗಿದ್ದು?"

"ಮಾತು ಕೊಟ್ಟಿದೀನಿ ಮೇಡಂ. ಯಾರ ಹತ್ರನೂ ಬಾಯಿ ಬಿಡಲ್ಲ ಅಂತ. ನನ್ನ ಮಗಳು ಬದುಕಿರೋದೇ ಅವರಿಂದ." ಅವನು ಕೈ ಹೊಸಕಿಕೊಂಡ. "ಎದೆ ಒಂದ್ಸಲ ನೋಡ್ಕೋಬೇಕು, ಯಾರಿಗಾದ್ರೂ ಗೊತ್ತಾದ್ರೆ ಕೆಲಸಕ್ಕೆ ಕುತ್ತು, ಹೆಸರು ಬೇಡ, ನಂಬರ್ ಬೇಡ, ಹೊಸ ಕಡತ ಬೇಡ ಅಂದ್ರು. ಡಬ್ಬದ ಜಾಗದಲ್ಲಿ ಮಲಗ್ತೀನಿ, ನೋಡಿದ ಮೇಲೆ ಅಳಿಸಿಬಿಡು ಅಂದ್ರು. ನಾನು ಏನನ್ನೂ ಬದಲಾಯಿಸದೆ ಡಬ್ಬದ ಗುಂಡಿನೇ ಒತ್ತಿದೆ. ಅಳಿಸೋಕೆ ಹೋದ್ರೆ ಯಂತ್ರ ನಿಮ್ಮ ಸಹಿ ಕೇಳ್ತು."

"ಅವರು ಚಿತ್ರ ನೋಡಿದ್ರಾ?"

"ಅಲ್ಲೇ ನಿಂತು ನೋಡಿದ್ರು. ನೋಡಿ..." ಉಸಿರಣ್ಣನ ಕಣ್ಣು ತುಂಬಿತು. "ಬೈದ್ರು ಮೇಡಂ. 'ಇದು ಯಾರದ್ದೋ ತೆಗೆದು ತೋರಿಸ್ತಿದೀಯ, ಹೃದಯ ಬಲಗಡೆ ಇದೆ, ನನ್ನದು ಎಡಗಡೆ ಇದೆ ಕಣಯ್ಯ, ಮುದುಕ ಆದೆ ನೀನು' ಅಂದ್ರು. ನಂಗೂ ದಿಗಿಲಾಯ್ತು. ಕಣ್ಣಾರೆ ಅವರನ್ನೇ ಮಲಗ್ಸಿದೀನಿ, ಬಂದಿದ್ದು ಬೇರೆಯವರ ಎದೆ! ಬುದ್ಧಿ ಮಂಕಾಯ್ತು ಅಂದ್ಕೊಂಡೆ. ಮನೇಲಿ ಹೆಂಡತಿಗೂ ಹೇಳಿಲ್ಲ. ಮೂರು ದಿನದಿಂದ ನಿದ್ದೆ ಇಲ್ಲ."

ಡಾಕ್ಟರಮ್ಮನಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅವರು ಮೆಲ್ಲಗೆ ಹೇಳಿದರು: "ನಿಮ್ಮ ಬುದ್ಧಿ ಸರಿಯಾಗೇ ಇದೆ. ಡಬ್ಬಕ್ಕೆ ಕಾಲು ಮೊದಲು, ಮನುಷ್ಯರಿಗೆ ತಲೆ ಮೊದಲು. ಅದಕ್ಕೆ ಎಡ ಬಲ ಅದಲು ಬದಲಾಗಿದೆ. ಅಷ್ಟೇ. ಅದು ಅವರದೇ ಎದೆ."

ಉಸಿರಣ್ಣನ ಮುಖ ಒಂದು ಕ್ಷಣ ಅರಳಿತು. ತಪ್ಪು ಮಾಡಿಲ್ಲ ಎಂಬ ಸಂತೋಷ. ಮರುಕ್ಷಣವೇ ಆ ಸಂತೋಷದ ಹಿಂದೆ ಇನ್ನೊಂದು ಯೋಚನೆ ಬಂದು ನಿಂತದ್ದು ಡಾಕ್ಟರಮ್ಮನಿಗೇ ಕಂಡಿತು. ಮುಖ ಓದಲು ಬಾರದ ಅವರಿಗೂ ಕಂಡಿತು.

"ಹಾಗಾದ್ರೆ ಆ ಉಬ್ಬು..."

"ಅದೂ ಅವರದೇ. ಆರೂವರೆ. ಅವರಿಗೇ ಗೊತ್ತಿಲ್ಲ. ಬೇರೆಯವರದ್ದು ಅಂದ್ಕೊಂಡು ಆರಾಮಾಗಿ ಓಡಾಡ್ತಿದಾರೆ." ಹೇಳುತ್ತಾ ಹೇಳುತ್ತಾ ಡಾಕ್ಟರಮ್ಮನಿಗೇ ಒಂದು ವಿಷಯ ಹೊಳೆಯಿತು. ಪರದೆ ನೋಡಿದ ಕೂಡಲೇ ಹೃದಯ ಯಾವ ಕಡೆ ಇದೆ ಎಂದು ಹೇಳಬಲ್ಲವರು ಗೇಟಿನವನೂ ಅಲ್ಲ, ಲೆಕ್ಕದ ಗುಮಾಸ್ತನೂ ಅಲ್ಲ. "ಅವರು ಚಿತ್ರ ಓದಬಲ್ಲೋರು. ಡಾಕ್ಟರು. ಯಾರು ಹೇಳಿ! ಮಾತು ಉಳಿಸ್ಕೊಳ್ಳೋಕೆ ಹೋಗಿ ಮನುಷ್ಯನನ್ನ ಕಳ್ಕೊಳ್ತೀರಾ?"

ಉಸಿರಣ್ಣ ಗೋಡೆಯ ಗಡಿಯಾರ ನೋಡಿದ. ಒಂದು ಗಂಟೆ ಇಪ್ಪತ್ತು ನಿಮಿಷ.

ಆಗ ಫೋನ್ ಬಡಿದುಕೊಂಡಿತು.

"ಪುಟ್ಟೀ, ಸಿಕ್ತು," ಅಪ್ಪ ಏದುಸಿರು ಬಿಡುತ್ತಿದ್ದರು. "ಊಟ ಮಾಡಿದ್ಯಾ?"

"ಅಪ್ಪಾ!"

"ಓದ್ತೀನಿ ಕೇಳು. 'ಎದೆ ನಲವತ್ತೆರಡು. ಎಡ ಭುಜ ಅರ್ಧ ಇಂಚು ಇಳಿದಿದೆ. ಜೇಬಿಗೆ ಟಿಚ್ ಬಟನ್. ಬಗ್ಗಿ ಕೆಲಸ ಮಾಡೋರು, ಪೆನ್ನು ಬೀಳಬಾರದು ಅಂದರು. ಅಳತೆ ಕೊಡುವಾಗ ಎರಡು ಸಲ ಬೈದರು.' ಹೆಸರಿಲ್ಲ. ಪಕ್ಕದಲ್ಲಿ ಒಂದು ಕತ್ತರಿ ಚಿತ್ರ ಬರೆದಿಟ್ಟಿದೀನಿ."

"ಕತ್ತರಿ ಯಾಕೆ?"

"ಅವರೂ ನನ್ನ ಥರಾನೇ, ಕತ್ತರಿಸಿ ಹೊಲಿಯೋರು. ನೆನಪಿರ್ಲಿ ಅಂತ ಬರೆದಿದ್ದೆ. ನಿಮ್ಮ ಆಸ್ಪತ್ರೆಯವರೇ. 'ನಿಮ್ಮ ಮಗಳು ನನ್ನ ಜೊತೆ ಕೆಲಸ ಮಾಡೋದು' ಅಂದಿದ್ರು. ಬಾಯಿ ಮಾತ್ರ ಸ್ವಲ್ಪ ಜೋರು."

ಡಾಕ್ಟರಮ್ಮ ಫೋನ್ ಇಟ್ಟದ್ದು ಅವರಿಗೇ ತಿಳಿಯಲಿಲ್ಲ. ಟಪ್ಪೆಂದು ತೆರೆದ ಜೇಬಿನ ಸದ್ದು ಈಗ ಕಿವಿಗೆ ಬಿತ್ತು, ಎರಡು ಗಂಟೆಗೂ ಹೆಚ್ಚು ತಡವಾಗಿ.

ಉಸಿರಣ್ಣ ಎದ್ದು ಗೋಡೆಯ ಹತ್ತಿರ ಹೋಗಿದ್ದ. ಅಲ್ಲಿ ಅಂದಿನ ಆಪರೇಷನ್‌ಗಳ ಪಟ್ಟಿ ಅಂಟಿಸಿತ್ತು. ಹನ್ನೊಂದೂವರೆಯ ಸಾಲಿನ ಮೇಲೆ ಅವನು ಬೆರಳಿಟ್ಟ. ಬೆರಳು ಮೊದಲು ಪೇಷಂಟಿನ ಹೆಸರಿನ ಚೌಕದ ಮೇಲಿತ್ತು. ಆಮೇಲೆ ಮೆಲ್ಲಗೆ ಸರಿದು, ಕೊನೆಯ ಚೌಕಕ್ಕೆ ಬಂದು ನಿಂತಿತು. ಅದು ಸರ್ಜನ್ನರ ಹೆಸರಿನ ಚೌಕ. ಮಾತು ಕೊಟ್ಟವನು ಬಾಯಿ ಬಿಟ್ಟಿರಲಿಲ್ಲ, ಆದರೆ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಪರೇಷನ್ ಥಿಯೇಟರಿನ ನಂಬರನ್ನು ಡಾಕ್ಟರಮ್ಮ ಎರಡು ಸಲ ತಪ್ಪು ಒತ್ತಿದರು. ಮೂರನೇ ಸಲಕ್ಕೆ ಒಳಗಿನ ಸಿಸ್ಟರ್ ಎತ್ತಿದರು.

"ಸಿಸ್ಟರ್, ಸರ್ ಹೇಗಿದಾರೆ?"

"ಪೇಷಂಟಾ ಮೇಡಂ?"

"ಪೇಷಂಟಲ್ಲ, ಸರ್! ಗುಡುಗಪ್ಪ!" ಅಷ್ಟು ಗಟ್ಟಿಯಾಗಿ ಆ ಹೆಸರು ಹೇಳಿದ್ದು ಆ ಆಸ್ಪತ್ರೆಯ ಇತಿಹಾಸದಲ್ಲೇ ಮೊದಲು.

ಸಿಸ್ಟರ್ ನಗು ತಡೆದುಕೊಂಡದ್ದು ಕೇಳಿಸಿತು. "ಇವತ್ತು ಗುಡುಗೇ ಇಲ್ಲ ಮೇಡಂ, ನಮಗೇ ಆಶ್ಚರ್ಯ. ಹತ್ತು ನಿಮಿಷದಿಂದ ಯಾರನ್ನೂ ಬೈದಿಲ್ಲ. ಬೆನ್ನು ಹಿಡ್ಕೊಂಡಿದೆ ಅಂತ ಗೋಡೆಗೆ ಒರಗಿ ನಿಂತಿದಾರೆ."

"ಬೆನ್ನಲ್ಲಿ ಎಲ್ಲಿ?"

"ಮೇಲ್ಗಡೆ, ಹೆಗಲಮೂಳೆ ಮಧ್ಯ."

"ಪೇಷಂಟ್?"

"ಎದೆ ತೆರೆದಾಗಿದೆ ಮೇಡಂ. ಹೃದಯ ನಿಲ್ಲಿಸಿ ಯಂತ್ರಕ್ಕೆ ಹಾಕಿದೀವಿ. ಸರ್ ಈಗ ಹೊಲಿಗೆ ಶುರು ಮಾಡಬೇಕು, ಇದನ್ನ ಬೇರೆ ಯಾರಿಗೂ ಮಾಡೋಕೆ ಬರಲ್ಲ."

ಹೇಳಿದರೆ ಆ ಮನುಷ್ಯನಿಗೆ ಸಿಟ್ಟೋ ಭಯವೋ ಬಂದು ರಕ್ತದ ಒತ್ತಡ ಏರುತ್ತದೆ, ಏರಿದರೆ ಆ ಉಬ್ಬು ತಡೆಯುವುದಿಲ್ಲ. ಹೇಳದಿದ್ದರೆ ಅವರು ಇನ್ನು ಎರಡು ಗಂಟೆ ಬಗ್ಗಿ ನಿಂತು ಹೊಲಿಯುತ್ತಾರೆ. ಬಿಡಿಸಿ ಹೊರಗೆ ಕರೆತಂದರೆ ಮೇಜಿನ ಮೇಲೆ ಮಲಗಿರುವವರ ಹೃದಯವನ್ನು ಮತ್ತೆ ನಡೆಸುವವರು ಯಾರೂ ಇಲ್ಲ.

ಫೋನಿನ ಆಚೆಯಿಂದ ಒಂದು ದನಿ ಕೇಳಿಸಿತು. ಅದು ಗುಡುಗಪ್ಪನವರದೇ, ಆದರೆ ಇಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಯಾರಮ್ಮ ಅದು ಫೋನಲ್ಲಿ? ನೆರಳಮ್ಮನಾ? ಬಲ ಹೃದಯದವನು ಸಿಕ್ಕಿದ್ನಾ ಅಂತ ಕೇಳು."

"ಕೇಳಿಸ್ತಾ ಮೇಡಂ?" ಅಂದರು ಸಿಸ್ಟರ್. "ಸರ್‌ಗೆ ಏನು ಹೇಳ್ಲಿ?"